ಕ್ಯಾಸೆಟ್ ಊದಬ್ಯಾಡ್ರಿ

"ಊದಬ್ಯಾಡ್ರಿ!"

ತುಟಿಯ ಹತ್ತಿರ ಬಂದಿದ್ದ ವಿಡಿಯೋ ಗೇಮ್ ಕ್ಯಾಸೆಟ್ಟು ಅಲ್ಲೇ ನಿಂತಿತು. ಅಂಕಿತಾಳ ಮಣಿಕಟ್ಟನ್ನು ಯಾರೋ ಹಿಡಿದಿದ್ದರು... ಗುರುತಿಲ್ಲದ ಗಂಡಸಿನ ಕೈ.

ಅವಳು ಮೊದಲು ಆ ಕೈಯನ್ನು ನೋಡಿದಳು. ಆಮೇಲೆ ಮುಖವನ್ನು. ಅವನು ತಟ್ಟನೆ ಕೈ ಬಿಟ್ಟ.

"ತಪ್ಪಾತ್ರಿ. ಉಸಿರಿನ್ಯಾಗ ನೀರಿನ ಪಸಿ ಇರತೈತಿ. ಊದಿದಷ್ಟೂ ಒಳಗಿನ ತಾಮ್ರಕ್ಕ ಕಿಲುಬು ಹಿಡೀತೈತಿ."

"ನಮ್ಮಣ್ಣ ಹಿಂಗ ಊದತಿದ್ದ."

"ಆಗ ಎಲ್ಲಾರೂ ಊದತಿದ್ವಿ. ನಾನೂ ಊದೇನಿ. ಊರಿಗೂರ ಕೂಡಿ ಮಾಡಿದ ತಪ್ಪದು."

ಸಿಟ್ಟು ಮಾಡಬೇಕೋ ನಗಬೇಕೋ ಅವಳಿಗೆ ತಿಳಿಯಲಿಲ್ಲ. ಚೀಲದಿಂದ ಕಪ್ಪು ಬಣ್ಣದ ಹಳೆಯ ವಿಡಿಯೋ ಗೇಮ್ ಯಂತ್ರವನ್ನು ತೆಗೆದು ಅವನ ಮೇಜಿನ ಮೇಲಿಟ್ಟಳು. ಕ್ಯಾಸೆಟ್ಟನ್ನು ಮಾತ್ರ ವಾಪಸು ಚೀಲಕ್ಕೆ ಹಾಕಿ ಜಿಪ್ ಎಳೆದಳು.

"ಮಷಿನ್ ಚಾಲೂ ಆಗವಲ್ದು. ಇದನ್ನ ನೋಡ್ರಿ. ಕ್ಯಾಸೆಟ್ ನಾ ಕೊಡೂದಿಲ್ಲ."

"ಯಾಕ್ರಿ, ಅದರಾಗ ಏನೈತಿ?"

"ನಮ್ಮಣ್ಣ ಅದಾನ," ಎಂದಳು.

ಆ ಗಂಡಸು, ದುರ್ಗೇಶ, ಯಂತ್ರವನ್ನು ತನ್ನ ಕಡೆ ಎಳೆದುಕೊಂಡ.

ಲಕ್ಷ್ಮೇಶ್ವರದ ಪೇಟೆಯಲ್ಲಿ, ಬೀಜ-ಗೊಬ್ಬರದ ಅಂಗಡಿಯೊಂದರ ಮಹಡಿಯ ಮೇಲಿತ್ತು ಆ ಕೋಣೆ. ದುರ್ಗೇಶ ಶಿರಹಟ್ಟಿಯ ಕಾಲೇಜೊಂದರಲ್ಲಿ ಗಣಿತದ ಉಪನ್ಯಾಸಕ. ಊರು ಡಂಬಳ, ಒಕ್ಕಲುತನದ ಮನೆ. ಚಿಕ್ಕಂದಿನಲ್ಲಿ ಕೇಳಿಯೂ ಸಿಗದ ಆಟದ ಯಂತ್ರಗಳನ್ನು ಈಗ ಹುಡುಕಿ ಹುಡುಕಿ ತಂದು ಗೋಡೆಯುದ್ದಕ್ಕೂ ಜೋಡಿಸಿದ್ದ. ಬೆನ್ನು ಉಬ್ಬಿದ ದಪ್ಪ ಟಿವಿಗಳು, ಸುತ್ತಿದ ವೈರಿನ ರಿಮೋಟುಗಳು, ಟೇಪ್ ರೆಕಾರ್ಡರಿನಿಂದ ಕಿರ್ರೆಂದು ಸದ್ದು ಮಾಡುತ್ತ ಆಟ ಎಳೆದುಕೊಳ್ಳುವ ಒಂದು ಮುದಿ ಕಂಪ್ಯೂಟರು. ಭಾನುವಾರ ಬಾಗಿಲು ತೆರೆದರೆ ತಲೆ ನರೆತ ಗಂಡಸರು ಬಂದು, ಚಪ್ಪಲಿ ಬಿಟ್ಟು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದರು. ಆಮೇಲೆ ಮನೆಯಿಂದ ಬಂದ ಫೋನನ್ನು ಯಾರೂ ಎತ್ತುತ್ತಿರಲಿಲ್ಲ.

ಅಂಕಿತಾಳ ಮನೆ ಬೆಟಗೇರಿಯಲ್ಲಿ. ಗದಗಿನ ಮುದ್ರಣಾಲಯವೊಂದರಲ್ಲಿ ಪುಟ ಜೋಡಿಸುವ ಕೆಲಸ. ಆ ತಿಂಗಳು ಮುಂದಿನ ವರ್ಷದ ಕ್ಯಾಲೆಂಡರಿನ ಪುಟಗಳು ಅವಳ ಪರದೆಯ ಮೇಲಿದ್ದವು. ಆದರೆ ಮನಸ್ಸು ಈ ವರ್ಷದ ಒಂದೇ ಚೌಕದಲ್ಲಿ ಸಿಕ್ಕಿಬಿದ್ದಿತ್ತು. ಮಹಾನವಮಿ ಅಮಾವಾಸ್ಯೆ... ತೀರಿದವರಿಗೆ ಎಡೆ ಹಿಡಿಯುವ ದಿನ.

ಅವರ ಮನೆಯಲ್ಲಿ ಆ ದಿನ ಎಡೆ ಹಿಡಿಯುತ್ತಿದ್ದುದು ಫೋಟೋದ ಮುಂದಲ್ಲ, ಟಿವಿಯ ಮುಂದೆ.

ಅಣ್ಣ ವೀರು ಪಿಯುಸಿ ಓದುವಾಗ ಮುಳಗುಂದದ ರಸ್ತೆಯಲ್ಲಿ ಅಪಘಾತವಾಗಿ ತೀರಿಕೊಂಡಿದ್ದ. ಅಂಕಿತಾ ಆಗಿನ್ನೂ ಶಾಲೆಯ ಹುಡುಗಿ. ಇವತ್ತಿಗೂ ಅವಳು ಮುಳಗುಂದದ ಮೇಲೆ ಹೋಗುವ ಬಸ್ಸು ಹತ್ತುವುದಿಲ್ಲ. ಲಕ್ಷ್ಮೇಶ್ವರಕ್ಕೆ ಬರಬೇಕಾದರೆ ಶಿರಹಟ್ಟಿಯ ಬಸ್ಸಿಗೇ ಕಾಯುತ್ತಾಳೆ.

ವೀರು ಬಿಟ್ಟುಹೋದದ್ದು ಆ ಯಂತ್ರ ಮತ್ತು ಆ ಕ್ಯಾಸೆಟ್ಟು. ಆಟದ ಅಕ್ಷರಗಳು ಚೀನಾದವು, ಯಾರಿಗೂ ಓದಲು ಬರುತ್ತಿರಲಿಲ್ಲ. ಆದರೆ ಆಟ ಮಾತ್ರ ಗದಗ ಜಿಲ್ಲೆಯವರಿಗೆ ಹೇಳಿಕೊಡಬೇಕಾದದ್ದಲ್ಲ. ಒಂದು ತುಂಡು ಕಲ್ಲುನೆಲ. ಕಲ್ಲು ಆರಿಸಬೇಕು, ಬಿತ್ತಬೇಕು, ಬಾವಿ ತೋಡಬೇಕು, ಎತ್ತು ಕೊಳ್ಳಬೇಕು, ಮನೆ ಕಟ್ಟಬೇಕು. ಮನೆ ಮುಗಿದರೆ ಕಿಟಕಿಯಲ್ಲಿ ದೀಪ ಹತ್ತುತ್ತದೆ. ಬಾಗಿಲಲ್ಲಿ ಒಬ್ಬ ಪುಟ್ಟ ಹುಡುಗ ಬಂದು ನಿಲ್ಲುತ್ತಾನೆ. ಅವನ ತಲೆಯ ಮೇಲೆ ಇಂಗ್ಲಿಷಿನಲ್ಲಿ ಹೆಸರು... ವೀರು.

ಕ್ಯಾಸೆಟ್ಟು ಆ ಮನೆಯನ್ನು ನೆನಪಿಟ್ಟುಕೊಂಡಿತ್ತು. ತಾಯಿ ಗದಿಗೆವ್ವ ಪ್ರತಿ ವರ್ಷ ಹೋಳಿಗೆ, ಕಡಬು, ಬದನೆಕಾಯಿ ಪಲ್ಯ ಬಡಿಸಿದ ತಟ್ಟೆಯನ್ನು ಟಿವಿಯ ಮುಂದಿಟ್ಟು, ದೀಪ ಹತ್ತಿದ ಆ ಕಿಟಕಿಯನ್ನು ನೋಡುತ್ತ ಕೂರುತ್ತಿದ್ದಳು. ತನ್ನ ಮಗನಿಗೆ ಎಲ್ಲೋ ಒಂದು ಕಡೆ ಮನೆಯಿದೆ ಎಂಬುದು ಅವಳ ನಂಬಿಕೆ. ಅದನ್ನು ಅಲುಗಾಡಿಸುವ ಧೈರ್ಯ ಯಾರಿಗೂ ಇರಲಿಲ್ಲ.

ತಂದೆ ಕೊಟ್ರಪ್ಪನದು ಬೇರೆ ಕತೆ. ಗದಗಿನ ಮಾರುಕಟ್ಟೆಯಲ್ಲಿ ಕಾಳಿನ ದಲಾಲಿ ಮಾಡಿದವನು. ಮಗ ಬದುಕಿದ್ದಾಗ ಆ ಯಂತ್ರವನ್ನು ಒಲೆಗೆ ಹಾಕುತ್ತೇನೆಂದು ದಿನಾ ಬೈಯುತ್ತಿದ್ದ. ಆದರೂ ಅಮಾವಾಸ್ಯೆಯ ಮುಂಜಾನೆ ಹೆಂಗಸರು ಹೋಳಿಗೆಗೆ ಕೂತಾಗ, ತಾನೇ ನಡುಮನೆಯ ಬಾಗಿಲು ಹಾಕಿಕೊಂಡು, ಯಂತ್ರ ಒರೆಸಿ, ಟಿವಿಗೆ ಜೋಡಿಸಿ ಇಡುತ್ತಿದ್ದ. ಒಮ್ಮೆ ಹಚ್ಚಿದ ಮೇಲೆ ಎಡೆ ಮುಗಿಯುವತನಕ ಆರಿಸಲು ಬಿಡುತ್ತಿರಲಿಲ್ಲ. ಊರಿಗೇ ಜಿಪುಣನಾದ ಅವನು ಆ ಒಂದು ಕೋಣೆಗೆ ಇನ್ವರ್ಟರ್ ಹಾಕಿಸಿದ್ದನ್ನು ನೋಡಿ ಓಣಿಯವರು ಇನ್ನೂ ನಗುತ್ತಿದ್ದರು.

ಈ ವರ್ಷ ಯುಗಾದಿಯ ನಂತರ ಕೊಟ್ರಪ್ಪನಿಗೆ ಪಾರ್ಶ್ವವಾಯು ಹೊಡೆಯಿತು. ಬಲಗೈ ಸತ್ತಂತಾಯಿತು, ಮಾತು ನಿಧಾನವಾಯಿತು. ಅದಕ್ಕೇ ಅಂಕಿತಾ ತಾನೇ ಯಂತ್ರ ತೆಗೆದು ನೋಡಿದ್ದಳು. ಅದು ಮಿಸುಕಲಿಲ್ಲ. ಲಕ್ಷ್ಮೇಶ್ವರಕ್ಕೆ ಒಯ್ಯುತ್ತೇನೆ ಎಂದಾಗ ಕೊಟ್ರಪ್ಪ ಹಾಸಿಗೆಯಿಂದ ಏಳಲು ಹೋಗಿ ಬಿದ್ದಿದ್ದ.

"ಬ್ಯಾಡ... ಯಾರ ಕೈಯಾಗೂ... ಕೊಡಬ್ಯಾಡ."

ಅಪ್ಪನಿಗೆ ಇನ್ನೂ ಆ ಆಟದ ಮೇಲಿನ ಹಗೆ ಹೋಗಿಲ್ಲ ಎಂದುಕೊಂಡು ಅವಳು ಬಸ್ಸು ಹತ್ತಿದ್ದಳು.

ರಿಪೇರಿ ಒಂದು ಭಾನುವಾರದ ಕೆಲಸ. ಅಡಾಪ್ಟರ್ ಸುಟ್ಟಿತ್ತು, ಸ್ವಿಚ್ಚು ಸವೆದಿತ್ತು, ಅಷ್ಟೇ. ಯಂತ್ರ ಮನೆ ಸೇರಿತು; ಅಮಾವಾಸ್ಯೆಯ ಹೊರತು ಅದನ್ನು ಹಚ್ಚುವ ರೂಢಿ ಮನೆಯಲ್ಲಿರಲಿಲ್ಲ. ಆದರೂ ಅವಳು ಮರುಭಾನುವಾರ ಬಂದಳು. ಅದರ ಮರುಭಾನುವಾರವೂ.

ಬಂದೂಕು ಹಿಡಿದು ಹಕ್ಕಿ ಹೊಡೆಯುವ ಆಟವೊಂದಿತ್ತು. ಅದು ದಪ್ಪ ಟಿವಿಯಲ್ಲಷ್ಟೇ ನಡೆಯುತ್ತದೆ, ಹೊಸ ತೆಳು ಟಿವಿಗೆ ಆ ಬಂದೂಕಿನ ಗುರಿ ತಿಳಿಯುವುದಿಲ್ಲ ಎಂದು ದುರ್ಗೇಶ ಪಾಠ ಹೇಳಿದಂತೆ ಹೇಳಿದ. ಅವಳು ಒಂದಾದ ಮೇಲೊಂದು ಹೊಡೆದಳು. ನೀವೂ ಹೊಡೆಯಿರಿ ಎಂದರೆ ಅವನು ಬಂದೂಕು ಮುಟ್ಟಲಿಲ್ಲ. ಮಾಗಡಿ ಕೆರೆಯ ದಾರಿಯಲ್ಲಿ ದಿನಾ ಓಡಾಡುವವನು ಹಕ್ಕಿ ಹೊಡೆದರೆ ಚಳಿಗಾಲದಲ್ಲಿ ಆ ಕೆರೆಗೆ ಬರುವ ಹಕ್ಕಿಗಳ ಮುಖ ಹೇಗೆ ನೋಡಲಿ ಎಂದು ಕೇಳಿದ. ಅಂಕಿತಾ ನಕ್ಕಳು. ನಕ್ಕಮೇಲೆ ಅವಳಿಗೇ ಆಶ್ಚರ್ಯವಾಯಿತು. 'ಇಷ್ಟು ಜೋರಾಗಿ ನಕ್ಕು ಎಷ್ಟು ದಿನಾತು?'

ಅವನು ನೋಡುತ್ತಿದ್ದ. ಅವಳು ಕಣ್ಣು ತಗ್ಗಿಸಿದಳು.

ಕ್ಯಾಸೆಟ್ಟಿನ ಒಳಗೆ ಕೈಗಡಿಯಾರದಲ್ಲಿ ಇರುವಂಥ ಒಂದು ಬಿಲ್ಲೆ ಸೆಲ್ ಇರುತ್ತದೆ, ಆಟದ ನೆನಪೆಲ್ಲ ಅದರ ಮೇಲೆಯೇ ನಿಂತಿರುತ್ತದೆ ಎಂದು ಅವನು ತಿಳಿಸಿದ್ದು ಆ ದಿನವೇ. ಸೆಲ್ ಸತ್ತರೆ ನೆನಪೂ ಹೋಗುತ್ತದೆ. ಸಾಯುವ ಮೊದಲೇ, ಪಕ್ಕದಲ್ಲಿ ಬೇರೆ ಸೆಲ್ಲಿನ ಆಸರೆ ಕೊಟ್ಟು, ಹಳೆಯದನ್ನು ತೆಗೆದು ಹೊಸದು ಹಾಕಬಹುದು.

ಆ ರಾತ್ರಿಯಿಂದ ಅವಳ ನಿದ್ದೆ ಹೋಯಿತು. ವೀರು ಕಟ್ಟಿದ ಮನೆ ಒಂದು ಬಿಲ್ಲೆಯ ಮೇಲೆ ನಿಂತಿದೆಯೇ... ಅದು ಯಾವ ಗಳಿಗೆಯಲ್ಲಾದರೂ ಆರಬಹುದೇ?

ಅಮಾವಾಸ್ಯೆಗೆ ಮುಂಚಿನ ಭಾನುವಾರ ಅವಳು ಕ್ಯಾಸೆಟ್ಟನ್ನು ಎರಡೂ ಕೈಯಲ್ಲಿ ಹಿಡಿದು ಅವನ ಮುಂದೆ ಚಾಚಿದಳು.

"ಇದನ್ನ ನಾ ಯಾರಿಗೂ ಕೊಟ್ಟಿಲ್ಲ. ನಿಮ್ಮನ್ನ ನಂಬೇನಿ."

ದುರ್ಗೇಶ ಹತ್ತಿಯ ತುದಿಗೆ ಸ್ಪಿರಿಟ್ ಹಚ್ಚಿ ತಾಮ್ರದ ಹಲ್ಲುಗಳನ್ನು ಒಂದೊಂದಾಗಿ ಒರೆಸಿದ. ಹಸಿರು ಕಿಲುಬು ಹತ್ತಿಗೆ ಬಂತು. ಒಣಗಿಸಿ, ತನ್ನದೊಂದು ಯಂತ್ರಕ್ಕೆ ಹಾಕಿ, ಸ್ವಿಚ್ಚು ಒತ್ತಿದ. ಮೊದಲು ಇರುವುದನ್ನು ನೋಡೋಣ, ಆಮೇಲೆ ಬಿಚ್ಚೋಣ ಎಂದ.

ಪರದೆ ಬೆಳಗಿತು. ಹಸಿರು ಗುಡ್ಡ, ಚೀನೀ ಅಕ್ಷರ, ಕೆಳಗೆ ಹೆಸರು ಬರುವ ಜಾಗ.

ಜಾಗ ಖಾಲಿ ಇತ್ತು.

ಅವನು ಆರಿಸಿ ಮತ್ತೆ ಹಚ್ಚಿದ. ಖಾಲಿ.

ಅಂಕಿತಾ ಎದ್ದು ನಿಂತಳು. "ಎಲ್ಲೆ ಹೋತು?"

ಅವನು ಕ್ಯಾಸೆಟ್ಟಿನ ಸ್ಕ್ರೂ ಬಿಚ್ಚಿದ. ಸೆಲ್ಲಿನ ಸುತ್ತ ಬಿಳಿಯ ಪೊರೆ ಕಟ್ಟಿತ್ತು. ವೋಲ್ಟ್ ಅಳೆಯುವ ಮೀಟರಿನ ತುದಿಗಳನ್ನು ಮುಟ್ಟಿಸಿದ. ಮೂರು ವೋಲ್ಟ್ ಇರಬೇಕಾದಲ್ಲಿ ಸೊನ್ನೆ.

"ಇದು ಇವತ್ತ ಸತ್ತಿದ್ದಲ್ರಿ. ಸತ್ತು ಭಾಳ ವರ್ಷ ಆಗೇತಿ."

"ಹೋದ ಅಮಾಸಿಗೆ ನಾ ಕಣ್ಣಾರೆ ನೋಡೀನಿ. ಹೆಸರಿತ್ತು. ದೀಪ ಹತ್ತಿತ್ತು."

"ಹಂಗಾಗಾಕ ಸಾಧ್ಯ ಇಲ್ರಿ."

"ಅಂದ್ರ ನಾ ಸುಳ್ಳ ಹೇಳಾಕತ್ತೀನಿ? ನಮ್ಮವ್ವಾ ಸುಳ್ಳು?"

ಅವನು ಮೀಟರನ್ನು ಮತ್ತೊಮ್ಮೆ ಮುಟ್ಟಿಸಿ ನೋಡಿದ. ಮೀಟರು ಸುಳ್ಳು ಹೇಳುವುದಿಲ್ಲ. ಈ ಹುಡುಗಿಯೂ ಸುಳ್ಳು ಹೇಳುವವಳಲ್ಲ. ಎರಡೂ ಒಟ್ಟಿಗೆ ನಿಜವಾಗಲು ಹೇಗೆ ಸಾಧ್ಯ?

ಅವಳ ಕಣ್ಣು ಸ್ಪಿರಿಟಿನ ಬಾಟಲಿಯ ಮೇಲೆ ಬಿತ್ತು.

"ನಮ್ಮ ಮನ್ಯಾಗ ಇರೂತನಕಾ ಇತ್ತು. ನಿಮ್ಮ ಕೈಯಾಗ ಕೊಟ್ಟ ಮ್ಯಾಲ ಹೋತು. ನಮ್ಮಪ್ಪ ಬ್ಯಾಡ ಅಂದಿದ್ದ..." ದನಿ ಒಡೆಯಿತು. ಅದನ್ನು ಅವನಿಗೆ ಕೇಳಿಸಬಾರದೆಂದು ಅವಳು ಇನ್ನಷ್ಟು ಗಟ್ಟಿಯಾದಳು. "ಅಮಾಸಿ ದಿನ ನಮ್ಮನಿಗೆ ಬರ್ರಿ. ನಮ್ಮವ್ವ ತಾಟು ಹಿಡಕೊಂಡು ಟಿವಿ ಮುಂದ ಕುಂತಿರ್ತಾಳ. ಸೊನ್ನಿ ಐತಿ ಅನ್ನೂದನ್ನ ಆಕಿ ಮುಂದ ನಿಂತು ನೀವ ಹೇಳ್ರಿ."

ಕ್ಯಾಸೆಟ್ಟನ್ನು ಅಲ್ಲೇ ಬಿಟ್ಟು ಅವಳು ಮೆಟ್ಟಿಲಿಳಿದಳು.

ಬಸ್ಸು ಮಾಗಡಿ ಕೆರೆಯ ಪಕ್ಕ ಸಾಗಿತು. ಹಕ್ಕಿಗಳು ಬರುವ ಕಾಲ ಇನ್ನೂ ಆಗಿರಲಿಲ್ಲ. ಬರೀ ನೀರು. ಅವಳು ಕಿಟಕಿಗೆ ಮುಖ ಮಾಡಿ ಅತ್ತಳು. ಅಣ್ಣನಿಗಾಗಿ ಅತ್ತದ್ದೆಷ್ಟು, ಆ ಗಣಿತದ ಮಾಸ್ತರನನ್ನು ನಂಬಿದ್ದಕ್ಕೆ ಅತ್ತದ್ದೆಷ್ಟು... ಬೇರೆ ಮಾಡಲು ಆಗಲಿಲ್ಲ.

ತಾಯಿಗೆ ಹೇಳುವ ಧೈರ್ಯ ಬರಲಿಲ್ಲ. ಅಪ್ಪನಿಗಷ್ಟೇ ಹೇಳಿದಳು. ಕೊಟ್ರಪ್ಪ ಬೈಯಲಿಲ್ಲ. ಗೋಡೆಯ ಕಡೆ ಹೊರಳಿ ಮಲಗಿದ.

ಮರುದಿನ, ಕೈಗೆ ವ್ಯಾಯಾಮ ಮಾಡಿಸುವ ಡಾಕ್ಟರ ಹತ್ತಿರ ಹೋಗಿ ಬರುತ್ತೇನೆಂದು ಹೇಳಿ, ಕೊಟ್ರಪ್ಪ ಕೋಲೂರಿಕೊಂಡು ಒಬ್ಬನೇ ಲಕ್ಷ್ಮೇಶ್ವರದ ಬಸ್ಸು ಹತ್ತಿದ. ಕಾಲೇಜು ಮುಗಿಸಿ ಬಂದ ದುರ್ಗೇಶನಿಗೆ ಕೋಣೆಯ ಬಾಗಿಲಲ್ಲಿ, ಗೋಡೆಗೊರಗಿ ಏದುಸಿರು ಬಿಡುತ್ತ ಕೂತ ಮುದುಕ ಕಂಡ.

"ಅಂಕಿತಾನ ಅಪ್ಪ ನಾ," ಎಂದ ಕೊಟ್ರಪ್ಪ. "ನೀ ಕೆಡಿಸಿಲ್ಲ. ಅದು ಯಾವಾಗೋ ಕೆಟ್ಟೈತಿ. ನನಗ ಗೊತ್ತೈತಿ."

ನಿಧಾನವಾಗಿ, ನಡುನಡುವೆ ಉಸಿರೆಳೆದು, ಅವನು ಎಲ್ಲವನ್ನೂ ಹೇಳಿದ. ವೀರು ಹೋದ ಕೆಲವು ವರ್ಷಗಳ ಮೇಲೆ, ಒಂದು ಅಮಾವಾಸ್ಯೆಯ ಬೆಳಗ್ಗೆ ಹಚ್ಚಿ ನೋಡಿದರೆ ಹೆಸರಿರಲಿಲ್ಲ, ಮನೆಯಿರಲಿಲ್ಲ. ಒಳಗೆ ಗದಿಗೆವ್ವ ಹೋಳಿಗೆ ಲಟ್ಟಿಸುತ್ತಿದ್ದಳು. ಅವನು ಬಾಗಿಲು ಹಾಕಿಕೊಂಡ. ಜೀವನದಲ್ಲಿ ಮೊದಲ ಸಲ ಆ ರಿಮೋಟು ಹಿಡಿದ. ಕಾಳಿನ ಚೀಲದ ಮೇಲಿನ ಮಾರ್ಕು ನೋಡಿ ಕಲಿತ ಇಂಗ್ಲಿಷಿನಲ್ಲಿ ಮಗನ ಹೆಸರು ಬರೆದ. ಕಲ್ಲು ಆರಿಸಿದ, ಬಿತ್ತಿದ, ಬಾವಿ ತೋಡಿದ, ಮನೆ ಕಟ್ಟಿದ. ಯಂತ್ರ ಆರಿಸಿದರೆ ಎಲ್ಲ ಅಳಿದುಹೋಗುತ್ತದೆ. ಅದಕ್ಕೇ ಎಡೆ ಮುಗಿಯುವತನಕ ಆರಿಸಲು ಬಿಡುತ್ತಿರಲಿಲ್ಲ. ಅದಕ್ಕೇ ಇನ್ವರ್ಟರು. ಆ ವರ್ಷದಿಂದ ಪ್ರತಿ ವರ್ಷವೂ ಅದೇ.

"ಆಟ ಎಲ್ಲೆ ಕಲ್ತ್ರಿ?" ಎಂದು ದುರ್ಗೇಶ ಕೇಳಿದ.

"ಬೈಯಾಕ ಅವನ ಹಿಂದ ನಿಂದರತಿದ್ದೆ. ಆವಾಗ ನೋಡಿದ್ದು."

ದುರ್ಗೇಶ ಮುಖ ಬೇರೆ ಕಡೆ ತಿರುಗಿಸಿದ.

ಈ ವರ್ಷ ಬಲಗೈ ಇಲ್ಲ. ತನ್ನ ಬದಲು ನೀನು ಆಡಿ ಕೊಡು ಎಂಬುದೇ ಮುದುಕನ ಬೇಡಿಕೆ. ದುರ್ಗೇಶ ಒಪ್ಪಿದ. ಅಂಕಿತಾಳಿಗೆ ಮಾತ್ರ ನಿಜ ಹೇಳಿಬಿಡಿ ಎಂದ. ಕೊಟ್ರಪ್ಪ ಬೇಡವೆಂದು ತಲೆಯಾಡಿಸಿದ.

"ಆಕಿಗೆ ಹೇಳಿದ್ರ ಮಾರಿ ಮ್ಯಾಲ ಬರತೈತಿ. ಮಗಳ ಮಾರಿ ಓದೂದು ಅವರವ್ವಗ ತಡಾ ಇಲ್ಲ. ಒಮ್ಮಿ ಮಗನ್ನ ಕಳಕೊಂಡಾಳ. ಎರಡನೇ ಸಲ ಕಳಕೊಳ್ಳಾಕ ಆಕಿ ಕಡೆ ಆಗೂದಿಲ್ಲಪಾ. ನನಗ ಮಾತು ಕೊಡು."

ಅವನು ಮಾತು ಕೊಟ್ಟ.

ಹೊಸ ಸೆಲ್ ಬೆಸೆದು ಆಟಕ್ಕೆ ಕೂತರು. ಕೊಟ್ರಪ್ಪ ಎಡಗೈ ಬೆರಳಿನಿಂದ ದಾರಿ ತೋರಿಸುತ್ತಿದ್ದ. ಬೇಲಿ ಇಲ್ಲಿ. ಬಾವಿ ಮನೆಯ ಎಡಕ್ಕೆ. ಗಿಡ ಕಡಿಯಬೇಡ, ಹಾಗೇ ಬಿಡು. ದುರ್ಗೇಶನ ಬೆಳೆ ಎರಡು ಸಲ ಒಣಗಿತು. ಕಾಲೇಜಿನ ಮಾಸ್ತರನಾಗಿ ಒಂದು ಎತ್ತು ಕೊಳ್ಳಲು ಇಷ್ಟು ಹೊತ್ತೇ ಎಂದು ಮುದುಕ ಗೊಣಗಿದ. ಎತ್ತು ಬಂದಮೇಲೆ ಅದನ್ನು ಬಾವಿಯ ಹತ್ತಿರ ಕಟ್ಟು ಎಂದ.

"ಅಲ್ಲೆ ಬಿಸಲೈತ್ರಿ. ಗಿಡದ ನೆರಳು ಐತಲ್ಲ?"

"ನಾ ಪ್ರತಿ ವರ್ಷ ಕಟ್ಟೂದು ಅಲ್ಲೆ. ಹೇಳಿದಷ್ಟು ಮಾಡು."

ಆಗಲೇ ಫೋನು ಬಂತು. ಅಂಕಿತಾ.

ಕೊಟ್ರಪ್ಪನ ಎಡಗೈ ದುರ್ಗೇಶನ ತೋಳನ್ನು ಹಿಡಿಯಿತು.

ಆ ಕಡೆ ದನಿ ಮೆತ್ತಗಿತ್ತು. ನಿನ್ನೆಯ ಸಿಟ್ಟು ಇರಲಿಲ್ಲ, ಅದೇ ಅವನಿಗೆ ಹೆಚ್ಚು ನೋವಾಯಿತು. "ಒಂದ ಕೇಳ್ತೀನಿ, ಖರೆ ಹೇಳ್ರಿ. ನೀವು ಸುಳ್ಳ ಹೇಳೋರಲ್ಲ ಅಂತ ನನ್ನ ಮನಸ ಹೇಳಾಕತ್ತೈತಿ. ನಿಮ್ಮ ಕೈಲೆ ಅಳಸಿತೋ, ಇಲ್ಲೋ?"

'ಇಲ್ಲ' ಎಂಬ ಒಂದು ಮಾತು. ಅಷ್ಟು ಹೇಳಿದರೆ ಸಾಕಿತ್ತು. ಅವಳು ನಂಬಲು ಸಿದ್ಧಳಾಗಿ ಕಾಯುತ್ತಿದ್ದಳು.

ಮುದುಕನ ಕಣ್ಣು ಅವನ ಬಾಯಿಯ ಮೇಲಿತ್ತು.

"ನನ್ನ ಕೈಲೆ ಆತ್ರಿ," ಎಂದ ದುರ್ಗೇಶ.

ಆ ಕಡೆ ಉಸಿರು ಕೇಳಿಸಿತು. ಆಮೇಲೆ ಫೋನು ಕಟ್ಟಾಯಿತು.

ಅಮಾವಾಸ್ಯೆಯ ಹಿಂದಿನ ಸಂಜೆ ಕೊಟ್ರಪ್ಪ ಕ್ಯಾಸೆಟ್ಟನ್ನು ಮಗಳ ಕೈಗೆ ಕೊಟ್ಟು, ಆ ಮಾಸ್ತರ ಸರಿ ಮಾಡಿ ಯಾರದೋ ಕೈಲಿ ಕಳಿಸಿದ್ದಾನೆ ಎಂದಷ್ಟೇ ಹೇಳಿದ. ಅಂಕಿತಾ ಬಾಗಿಲು ಹಾಕಿಕೊಂಡು ಹಚ್ಚಿ ನೋಡಿದಳು. ಹೆಸರಿತ್ತು. ದೀಪವಿತ್ತು. ಬಾವಿ, ಬೇಲಿ, ಎತ್ತು, ಎಲ್ಲವೂ ಹೋದ ವರ್ಷ ಇದ್ದಂತೆಯೇ.

ಅವಳ ಮೈ ಉರಿಯಿತು.

ಅಳಿಸಿದೆ ಎಂದು ತಾನೇ ಒಪ್ಪಿಕೊಂಡವನು ಈಗ ಹೊಸದೊಂದನ್ನು ಮಾಡಿ ಕಳಿಸಿದ್ದಾನೆ! ಸತ್ತ ಅಣ್ಣನ ಹೆಸರು ಬರೆದು, ಗೊಂಬೆಯೊಂದನ್ನು ನಿಲ್ಲಿಸಿ, ಇದೇ ನಿನ್ನ ಅಣ್ಣ ಎಂದು... 'ಅವ್ವ ಈ ನಕಲಿಗೆ ಎಡಿ ಹಿಡೀಬೇಕೇನು?'

ಅದು ಅಷ್ಟು ಸರಿಯಾಗಿ ಹೇಗೆ ಬಂತು ಎಂದು ಕೇಳಿಕೊಳ್ಳುವಷ್ಟು ಜಾಗವನ್ನು ಸಿಟ್ಟು ಅವಳಲ್ಲಿ ಬಿಟ್ಟಿರಲಿಲ್ಲ.

ಮರುದಿನ ಮಧ್ಯಾಹ್ನ ಗದಿಗೆವ್ವ ತಟ್ಟೆ ತಂದು ಟಿವಿಯ ಮುಂದಿಟ್ಟಳು. ಹೋಳಿಗೆಯ ಮೇಲೆ ತುಪ್ಪ ಹಾಕಿದಳು. ಊದುಬತ್ತಿ ಹಚ್ಚಿದಳು. ಕೊಟ್ರಪ್ಪ ಕುರ್ಚಿಯಲ್ಲಿ ಸೆಟೆದು ಕೂತಿದ್ದ. ಅಂಕಿತಾ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು. ಹೇಳಲೇ... ಬೇಡವೇ? ಹೇಳಿದರೆ ಅವ್ವ ಒಡೆದುಹೋಗುತ್ತಾಳೆ. ಹೇಳದಿದ್ದರೆ ತಾನೂ ಆ ಮೋಸದಲ್ಲಿ ಪಾಲುಗಾರಳು.

ಗದಿಗೆವ್ವ ಪರದೆಯನ್ನು ನೋಡುತ್ತ ಬಹಳ ಹೊತ್ತು ಕೂತಳು.

"ಅವ್ವಾ," ಅಂಕಿತಾಳ ಬಾಯಿಂದ ಮಾತು ಹೊರಬಿತ್ತು, "ಇದು..."

ಗದಿಗೆವ್ವ ಕೈಯೆತ್ತಿ ಅವಳನ್ನು ತಡೆದಳು. ತಿರುಗಿ ಗಂಡನನ್ನು ನೋಡಿದಳು.

"ಈ ವರ್ಷ ಯಾರ ಕಡೆ ಆಡಿಸಿದ್ರಿ?"

ಕೊಟ್ರಪ್ಪ ಕುರ್ಚಿಯ ತೋಳು ಹಿಡಿದು ಮುಂದಕ್ಕೆ ಬಾಗಿದ.

"ನಿಮ್ಮ ಕೈ ಏಳೂದಿಲ್ಲ. ಅದಕ್ಕ ಕೇಳಿದೆ."

"ನಿನಗ... ಗೊತ್ತಿತ್ತು?"

"ವೀರು ಎತ್ತು ಗಿಡದ ಕೆಳಗ ಕಟ್ಟತಿದ್ದ. ಮೂಕ ಪ್ರಾಣೀನ ಬಿಸಲಾಗ ಯಾಕ ನಿಂದ್ರಿಸೀಯೋ ಅಂತ ನಾನ ಒಂದಿನ ಬೈದಿದ್ದೆ. ಅವತ್ತಿಂದ ಅವ ಒಮ್ಮೆನೂ ತಪ್ಪಿಲ್ಲ. ನೀವು ಬಾವಿ ಕಡೆ ಕಟ್ಟತೀರಿ, ಬಯಲಾಗ. ನೀವು ಆಡಿದ ಮೊದಲನೇ ವರ್ಷನ ನನಗ ತಿಳೀತು."

"ಮತ್ತ... ಯಾಕ ಹೇಳಲಿಲ್ಲ?"

ಗದಿಗೆವ್ವ ಸೆರಗಿನಿಂದ ಟಿವಿಯ ಮೇಲಿನ ಧೂಳು ಒರೆಸಿದಳು. ಅಲ್ಲಿ ಧೂಳಿರಲಿಲ್ಲ.

"ಹೇಳಿದ್ರ ನೀವು ಬಾಗಲಾ ಹಾಕ್ಕೊಂಡು ಅವನ ಆಟದ ಮುಂದ ಕುಂಡ್ರೂದು ಬಿಡತಿದ್ರಿ. ಅವ ಇದ್ದಾಗ ಒಂದಿನಾನೂ ಕುಂತಿರಲಿಲ್ಲ ನೀವು. ವರ್ಷಕ್ಕ ಒಂದಿನರೆ ಕುಂಡ್ರಲಿ ಅಂತ ನಾ ಹೋಳಿಗಿ ಸಾವಕಾಶ ಮಾಡತಿದ್ದೆ."

ಕೊಟ್ರಪ್ಪ ಎಡಗೈಯಿಂದ ಮುಖ ಮುಚ್ಚಿಕೊಂಡ. ಮಗ ಸತ್ತ ದಿನವೂ ಯಾರೆದುರೂ ಅಳದವನ ಭುಜಗಳು ಈಗ ಕುಲುಕುತ್ತಿದ್ದವು.

ಅಂಕಿತಾ ಚೌಕಟ್ಟು ಹಿಡಿದೇ ಕೆಳಗೆ ಕುಸಿದಳು. ಅಪ್ಪ ಆಡುತ್ತಿದ್ದನೇ? ಪ್ರತಿ ವರ್ಷ? ಹಾಗಾದರೆ ಆ ಸೆಲ್ ನಿಜವಾಗಿಯೂ ಎಂದೋ ಸತ್ತಿತ್ತು. ಮೀಟರು ಹೇಳಿದ್ದು ಸರಿ. ಅವನು ಹೇಳಿದ್ದೂ ಸರಿ. ಮತ್ತೆ ಫೋನಿನಲ್ಲಿ ಯಾಕೆ...

"ಆ ಹುಡುಗನ ತಪ್ಪಿಲ್ಲ," ಎಂದ ಕೊಟ್ರಪ್ಪ, ಮುಖ ಮುಚ್ಚಿಕೊಂಡೇ. "ನೀ ಫೋನ್ ಮಾಡಿದಾಗ ನಾ ಅವನ ಬಾಜೂಕ ಕುಂತಿದ್ದೆ. ಮಾತು ಇಸಕೊಂಡಿದ್ದೆ."

ಅವಳಿಗೆ ಆ ಫೋನಿನ ಮೌನ ನೆನಪಾಯಿತು. ನನ್ನ ಕೈಲೆ ಆತ್ರಿ... ಆ ಮಾತಿಗೆ ಮುಂಚೆ ಅವನು ತಡೆದಿದ್ದ. ಆ ತಡೆಯೊಳಗೆ ಏನಿತ್ತೆಂದು ಈಗ ತಿಳಿಯಿತು.

"ಮುಂಜಾನಿಂದ ಎದುರು ಕಟ್ಟಿ ಮ್ಯಾಲ ಒಬ್ಬ ಹುಡುಗ ಕುಂತಾನ," ಎಂದಳು ಗದಿಗೆವ್ವ, ಊದುಬತ್ತಿ ಸರಿಪಡಿಸುತ್ತ. "ಒಳಗೂ ಬರವಲ್ಲ, ಎದ್ದೂ ಹೋಗವಲ್ಲ. ಯಾರ ಪೈಕಿ ನೋಡು."

ಅಂಕಿತಾ ಬರಿಗಾಲಲ್ಲಿ ಹೊರಗೆ ಬಂದಳು. ಕಟ್ಟೆಯ ಮೇಲಿದ್ದ ದುರ್ಗೇಶ ಎದ್ದು ನಿಂತ. ತಪ್ಪಿತಸ್ಥನಂತೆ ಕೈ ಕಟ್ಟಿಕೊಂಡಿದ್ದ.

"ಬರ್ರಿ ಅಂದಿದ್ರಿ," ಎಂದ. "ನಿಮ್ಮವ್ವನ ಮುಂದ ಏನು ಹೇಳಬೇಕು ಅಂತ ಮುಂಜಾನಿಂದ ಯೋಚನಿ ಮಾಡಾಕತ್ತೇನಿ. ಖರೆ ಹೇಳಂಗಿಲ್ಲ. ಸುಳ್ಳು ಇನ್ನೊಮ್ಮೆ ಬಾಯಾಗ ಬರವಲ್ದು."

"ಅವ್ವಗ ಎಲ್ಲಾ ಗೊತ್ತೈತಿ. ಮೊದಲಿಂದೂ ಗೊತ್ತಿತ್ತು."

ಅವನು ಅರ್ಥವಾಗದೆ ನೋಡಿದ. ಅವಳು ಎತ್ತಿನ ಮಾತು ಹೇಳಿದಳು. ಕೇಳುತ್ತ ಕೇಳುತ್ತ ಅವನ ಕಟ್ಟಿದ ಕೈ ಸಡಿಲವಾಯಿತು.

"ನಾ ಹೇಳಿದ್ನಿ ಅವರಿಗೆ, ಗಿಡದ ನೆರಳು ಐತಿ ಅಂತ," ಎಂದ ಮೆಲ್ಲಗೆ.

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು. "ಅವತ್ತ ಫೋನಿನ್ಯಾಗ ಇಲ್ಲ ಅಂದಿದ್ರ ನಂಬತಿದ್ದೆ. ಗೊತ್ತಿತ್ತಿಲ್ಲೋ ನಿಮಗ?"

"ಗೊತ್ತಿತ್ತು."

"ಹಂಗಿದ್ರೂ ಹೇಳಲಿಲ್ಲ. ನಾ ಇನ್ನೊಮ್ಮೆ ನಿಮ್ಮ ಮಾರಿ ನೋಡತಿರಲಿಲ್ಲ..."

"ಅದೂ ಗೊತ್ತಿತ್ತು." ಅವನು ಒಂದು ಹೆಜ್ಜೆ ಮುಂದೆ ಬಂದ. "ಅಂಕಿತಾ, ನಾ ಲೆಕ್ಕದಾಗಿನ ಮನಷ್ಯಾ. ಎಷ್ಟು ಸಲ ಲೆಕ್ಕ ಹಾಕಿದ್ರೂ ಅದು ಒಂದ ಕಡೆ ಬರತಿತ್ತು. ನಿಮ್ಮವ್ವನ ದೀಪ ಉಳಿದ್ರ ನೀವು ಹೋಗ್ತೀರಿ. ನಿಮ್ಮನ್ನ ಉಳಿಸ್ಕೊಂಡ್ರ ಆ ದೀಪ ಹೋಗತೈತಿ. ಆ ದೀಪ ಆರಿಸಿ ನಿಮ್ಮ ಮುಂದ ನಿಂದರಾಕ ನನ್ನ ಕಡೆ ಆಗತಿರಲಿಲ್ಲ. ಭಾಳ ಪ್ರೀತಿ ಮಾಡ್ತೀನಿ ನಿಮ್ಮನ್ನ. ಇದನ್ನ ಹೇಳಾಕ ಹಕ್ಕಿಲ್ಲ ಅಂದ್ಕೊಂಡಿದ್ದೆ."

ಓಣಿಯಲ್ಲಿ ಯಾರದೋ ಮನೆಯ ಮಗ್ಗದ ಸದ್ದು ನಿಂತು ಮತ್ತೆ ಶುರುವಾಯಿತು.

"ಒಳಗ ಬರ್ರಿ," ಎಂದಳು ಅಂಕಿತಾ. "ಅವ್ವ ಕಾಯಾಕತ್ತಾಳ. ನಾನೂ."

ಗದಿಗೆವ್ವ ಅವನನ್ನು ಅಡಿಯಿಂದ ಮುಡಿಯತನಕ ನೋಡಿದಳು. ಊರು ಕೇಳಿದಳು. ಡಂಬಳ ಎಂದ. ಮನೆಯಲ್ಲಿ ಏನು ಮಾಡುತ್ತಾರೆಂದು ಕೇಳಿದಳು. ಒಕ್ಕಲುತನ ಎಂದ.

"ಒಕ್ಕಲುತನದ ಮನಿ ಹುಡುಗ, ಎತ್ತು ಬಿಸಲಾಗ ಕಟ್ಟೀಯಲ್ಲೋ. ನಿಮ್ಮಪ್ಪ ನೋಡಿದ್ರ ಏನಂದಾನು? ಮೊದಲ ಅದನ್ನ ನೆರಳಿಗೆ ಕಟ್ಟು. ಆಮ್ಯಾಲ ಊಟಾ."

ದುರ್ಗೇಶ ಟಿವಿಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ. ಅಂಕಿತಾ ಪಕ್ಕದಲ್ಲಿ ಕೂತಳು. ಬಾವಿಯ ಹತ್ತಿರದಿಂದ ಎತ್ತನ್ನು ಬಿಡಿಸಿ, ಬೇಲಿ ಸುತ್ತಿಸಿ, ಗಿಡದ ಬುಡಕ್ಕೆ ತಂದು ಕಟ್ಟಿದರು. ಪರದೆಯ ಮೇಲಿನ ಹುಡುಗ ಮನೆಯೊಳಗೆ ಹೋಗಿ ಮಲಗಿದ. ಕಿಟಕಿಯ ದೀಪ ಹಾಗೇ ಉರಿಯುತ್ತಿತ್ತು. ಹಿಂದೆ ಕುರ್ಚಿಯಲ್ಲಿ ಕೊಟ್ರಪ್ಪನ ಎಡಗೈ ಹೆಬ್ಬೆರಳು ತಾನೇ ಆಡುತ್ತಿರುವಂತೆ ಅಲುಗುತ್ತಿತ್ತು.

ಊಟವಾಯಿತು. ಸಂಜೆ ಅಂಕಿತಾ, ವೀರು ಕಲಿಸಿದಂತೆ, ಆಟದ ನೆನಪು ಅಳಿಯದಂತೆ ರಿಸೆಟ್ ಗುಂಡಿ ಒತ್ತಿ ಹಿಡಿದು ಸ್ವಿಚ್ಚು ಆರಿಸಿದಳು. ಎಷ್ಟೋ ವರ್ಷಗಳ ನಂತರ, ಎಡೆ ಮುಗಿದು ಯಂತ್ರ ಆರಿದರೂ ಆ ಮನೆ ಒಳಗೆ ಉಳಿಯಿತು.

ಕ್ಯಾಸೆಟ್ಟನ್ನು ಹೊರಗೆ ತೆಗೆದಳು. ಡಬ್ಬಿಗಿಡುವ ಮುನ್ನ, ಅಭ್ಯಾಸದಂತೆ, ಅದು ತುಟಿಯ ಹತ್ತಿರ ಹೋಯಿತು. ಅಲ್ಲೇ ನಿಲ್ಲಿಸಿ ಅವನನ್ನು ನೋಡಿದಳು.

"ಊದಬ್ಯಾಡ್ರಿ ಅಂದಿದ್ರಿ."

"ಇವತ್ತ ಊದ್ರಿ."

"ಕಿಲುಬು ಹಿಡೀತೈತಿ..."

"ಹಿಡೀಲಿ," ಎಂದ ದುರ್ಗೇಶ. "ವರಸಾಕ ನಾ ಇರ್ತೀನಲ್ಲ."

ಅವಳು ಕಣ್ಣು ಮುಚ್ಚಿ, ಮೆಲ್ಲಗೆ, ಅಣ್ಣ ಊದುತ್ತಿದ್ದಂತೆಯೇ ಊದಿದಳು.